ಒನ್ಸ್ ಮೋರ್ ಇಲ್ಲದ ಆಟ

ಇಂಗ್ಲೆಂಡ್
20 ಮೇ 1979, ಭಾನುವಾರ

ಮರುಳಪ್ಪ ಮಾವನವರಿಗೆ ನಿಮ್ಮ ಅಕ್ಕನ ಮಗ ತೋಂಟದಾರ್ಯನ ನಮಸ್ಕಾರಗಳು.

ತಿಪಟೂರು ಸ್ಟೇಷನ್ನಿನಲ್ಲಿ ನೀವು ರೈಲು ಹತ್ತಿಸಿ ಕಳಿಸಿದ ತುರುವೇಕೆರೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಇಲ್ಲಿ ಮತ್ತೆ ಹುಡುಗನಾಗಿ ಬೆಂಚಿನ ಮೇಲೆ ಕೂತಿದ್ದಾನೆ. ವ್ಯಾಯಾಮ ಕಾಲೇಜು ದೊಡ್ಡದು, ಊರು ಚಿಕ್ಕದು, ಪಾಠ ವಿಚಿತ್ರ. ಆಟ ಕಲಿಸುವುದಕ್ಕಿಂತ, ಆಡುವ ಜನರನ್ನು ನೋಡಿ ಬನ್ನಿ ಎಂದು ಅಟ್ಟುವುದೇ ಹೆಚ್ಚು. ಶನಿವಾರ ನೋಡಿದ್ದನ್ನು ಸೋಮವಾರ ಎದ್ದು ನಿಂತು ಹೇಳಬೇಕು. ಯಾರು ಗೆದ್ದರು ಎಂದು ಯಾರೂ ಕೇಳುವುದಿಲ್ಲ. ಆ ಆಟದಿಂದ ಆ ಜನದ ನಡತೆ ಏನು ತಿಳಿಯಿತು ಎಂದು ಕೇಳುತ್ತಾರೆ.

ನಾನು ಬಾಡಿಗೆಗೆ ಇರುವ ಮನೆಯ ಯಜಮಾನರು ಡಾಸನ್ ಎನ್ನುವವರು. ಬೇಕರಿ ಇಟ್ಟಿದ್ದಾರೆ. ವಯಸ್ಸು ನಿಮ್ಮದೇ. ಬೆಳಿಗ್ಗೆ ಬ್ರೆಡ್ಡು ಸುಟ್ಟು, ಮಧ್ಯಾಹ್ನ ಬಿಳಿ ಪ್ಯಾಂಟು ತೊಟ್ಟರೆ ಊರಿನ ಕ್ರಿಕೆಟ್ ತಂಡಕ್ಕೆ ಅವರೇ ನಾಯಕರು. ನಿನ್ನೆ ಅವರ ಜೊತೆ ಹೋಗಿದ್ದೆ. ಮೈದಾನದ ಒಂದು ಕಡೆ ಚರ್ಚು, ಇನ್ನೊಂದು ಕಡೆ ಕುರಿ. ಹೆಂಗಸರು ಸೌತೆಕಾಯಿ ಹೆಚ್ಚಿ ಬ್ರೆಡ್ಡಿನೊಳಗಿಟ್ಟು ಚಹಾದ ವೇಳೆಗೆ ಸಾಲಾಗಿ ಜೋಡಿಸಿದರು. ಎರಡೂ ಕಡೆಯವರು ಒಂದೇ ಮೇಜಿನಲ್ಲಿ ತಿಂದು, ಎದ್ದು, ಮತ್ತೆ ಎದುರಾಳಿಗಳಾದರು.

ಚಹಾ ಆದಮೇಲೆ ಡಾಸನ್ ನಲವತ್ತೇಳು ರನ್ನಿಗೆ ಬಂದಿದ್ದರು. ಹುಡುಗನಾಗಿದ್ದಾಗಿಂದ ಆಡುತ್ತಿದ್ದರೂ ಒಮ್ಮೆಯೂ ಐವತ್ತು ಮುಟ್ಟಿದವರಲ್ಲ ಎಂದು ಪಕ್ಕದವರು ಹೇಳಿದರು. ಆಗ ಒಂದು ಚೆಂಡು ಬಂತು. ಬ್ಯಾಟಿನ ಅಂಚಿಗೆ ತಾಗಿತೋ ಇಲ್ಲವೋ, ಹಿಂದೆ ನಿಂತ ವಿಕೆಟ್ ಕೀಪರ್ ಹಿಡಿದ. ಹಿಡಿದವನಿಗೇ ಅನುಮಾನ, ಅವನು ಕೂಗಲಿಲ್ಲ. ಔಟು ಎಂದು ಬೆರಳೆತ್ತಬೇಕಾದ ಅಂಪೈರು ಡಾಸನ್ನರ ಹೆಂಡತಿಯ ತಮ್ಮ, ಅವನ ಕೈ ಜೇಬಿನಲ್ಲೇ ಇತ್ತು. ಡಾಸನ್ ಮಾತ್ರ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ಗ್ಲೌಸು ಬಿಚ್ಚುತ್ತ ಹೊರಟೇಬಿಟ್ಟರು.

ಇದಕ್ಕೆ ಇಲ್ಲಿ ‘ನಡೆಯುವುದು’ ಎನ್ನುತ್ತಾರೆ. ಚೆಂಡು ತಾಗಿದ್ದು ಬೇರೆ ಯಾರಿಗೂ ಗೊತ್ತಾಗದಿದ್ದರೂ ತನಗೆ ಗೊತ್ತಾದರೆ ತಾನೇ ನಡೆಯಬೇಕು. ನಿಯಮದ ಪುಸ್ತಕದಲ್ಲಿಲ್ಲ. ಎಲ್ಲರೂ ಮಾಡುವುದೂ ಇಲ್ಲವಂತೆ. ಸೋಮವಾರ ಇದನ್ನೇ ಹೇಳಬೇಕೆಂದಿದ್ದೇನೆ.

ಈಗ ಮುಖ್ಯ ವಿಷಯ. ನವೆಂಬರಿನಲ್ಲಿ ಪರದೇಶದ ವಿದ್ಯಾರ್ಥಿಗಳು ತಮ್ಮ ದೇಶದ ಒಂದು ಆಟ, ಒಂದು ಕಲೆ ತೋರಿಸಬೇಕು. ಆಟಕ್ಕೆ ಕಬಡ್ಡಿ ಇದೆ. ಕಲೆಗೆ ನೀವಿದ್ದೀರಿ. ನಮ್ಮೂರ ನಾಟಕದಲ್ಲಿ ನೀವು ಆಡುವ ಚಂಡವರ್ಮ ಮಹಾರಾಜನ ದರ್ಬಾರು ಸೀನಿನ ಮಾತನ್ನು ಮೈಕ್ ಸೆಟ್ಟಿನ ಮಜೀದಣ್ಣನ ಟೇಪ್ ರೆಕಾರ್ಡರಿನಲ್ಲಿ ಹಿಡಿದು ಕಳಿಸಿ. ಮೈಕಿಲ್ಲದೆ ಕೆರೆ ಏರಿಯವರೆಗೂ ಕೇಳುವ ದನಿ ಅಷ್ಟು ಚಿಕ್ಕ ಕ್ಯಾಸೆಟ್ಟಿನಲ್ಲಿ ಹಿಡಿಸುವುದೋ ಇಲ್ಲವೋ, ನೋಡೋಣ. ಈ ವರ್ಷ ಯುವರಾಜನ ಪಾತ್ರಕ್ಕೆ ನಾನಿಲ್ಲ ಎಂಬ ಸಿಟ್ಟು ಬೇಡ.

ತೋಂಟದಾರ್ಯ


ಬಿಳಿಗೆರೆ
8 ಜೂನ್ 1979

ಸಪ್ತಸಾಗರಗಳಾಚೆ ಬೀಡುಬಿಟ್ಟ ಅಳಿಯನಿಗೆ ಬಿಳಿಗೆರೆ ಸಂಸ್ಥಾನದ ಚಂಡವರ್ಮ ಮಹಾರಾಜನ, ಎಂದರೆ ನಿನ್ನ ಸೋದರಮಾವನ, ಆಶೀರ್ವಾದಗಳು!

ಅಹಹಾ! ಭಲೇ ಬ್ರೆಡ್ಡಿನವನೇ! ಮೂರೇ ಮೂರು ರನ್ನು! ಅಂಪೈರು ಸ್ವಂತ ಭಾವಮೈದುನ! ಕೀಪರನ ಬಾಯಿಗೆ ಬೀಗ! ಆದರೂ ಎದ್ದು ನಡೆದನೇ? ಅಯ್ಯಾ ಅಳಿಯ, ಇಂಥವನನ್ನು ನಮ್ಮ ಕಂಪನಿಗೆ ಸೇರಿಸಿದರೆ ಮೊದಲ ಅಂಕದಲ್ಲೇ ಒಂದು ಮಾತು ತಪ್ಪಿ, ಕಿರೀಟ ಬಿಚ್ಚಿ, ಬಸ್ಸು ಹತ್ತಿ ಹೋದಾನು!

ನಮ್ಮ ಪದ್ಧತಿ ನಿನಗೆ ಮರೆತು ಹೋಯಿತೇ? ಹೋದ ವರ್ಷ ತುರುವೇಕೆರೆಯಲ್ಲಿ ನಾನು ಎಷ್ಟು ಸಲ ಸತ್ತೆ? ಎದೆಗೆ ಕಠಾರಿ ನೆಡಿಸಿಕೊಂಡು, ಹಾಡಿ, ಉರುಳಿದೆ. ಜನ ಕೂಗಿದರು, ‘ಒನ್ಸ್ ಮೋರ್!’ ಎದ್ದೆ. ಅದೇ ಕಠಾರಿ, ಅದೇ ಹಾಡು, ಮತ್ತೆ ಸತ್ತೆ. ಮತ್ತೆ ‘ಒನ್ಸ್ ಮೋರ್!’ ಮೂರನೇ ಸಲ ಸಾಯುವ ಹೊತ್ತಿಗೆ ಕೊಂದವನೇ ಸುಸ್ತಾಗಿ ಸಿಂಹಾಸನದ ಮೇಲೆ ಕೂತಿದ್ದ. ಹೆಣಕ್ಕೂ ಏಳುವ ಅಪ್ಪಣೆ ಇರುವ ಸೀಮೆ ನಮ್ಮದು. ಜನ ಕಳಿಸುವವರೆಗೆ ರಂಗ ಬಿಡುವವನು ರಾಜನೇ ಅಲ್ಲ!

ಇರಲಿ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕುರಿ ಬರೆದಿದ್ದೀಯ, ಸೌತೆಕಾಯಿ ಬರೆದಿದ್ದೀಯ, ಜೇಬಿನೊಳಗಿನ ಕೈ ಬರೆದಿದ್ದೀಯ. ಆ ಮನುಷ್ಯ ನಡೆದು ಬರುವಾಗ ನೀನೇನು ಮಾಡುತ್ತಿದ್ದೆ? ಇಡೀ ಸೀನಿನಲ್ಲಿ ನೀನೇ ಇಲ್ಲ. ಏನನ್ನೋ ಮುಚ್ಚಿಟ್ಟಿದ್ದೀಯ. ನಾಟಕದವನ ಕಣ್ಣಿಗೆ ಮಣ್ಣೆರಚಬೇಡ.

ತಾಲೀಮು ಶುರುವಾಗಿದೆ. ಗಣಪತಿ ಹಬ್ಬ ಕಳೆದ ಮೇಲೆ ಆಟ. ಈ ಸಲ ತಾಲೀಮಿನಿಂದಲೇ ಮೈಕ್ ತರಿಸಿದ್ದೇನೆ. ಮಜೀದ ತಿಪಟೂರಿನ ರೇಡಿಯೋ ರಿಪೇರಿ ಅಂಗಡಿಗೆ ಬೀಗ ಹಾಕಿ, ಆಂಪ್ಲಿಫೈಯರನ್ನು ಸೈಕಲ್ಲಿಗೆ ಕಟ್ಟಿಕೊಂಡು ದಿನಾ ಬರುತ್ತಾನೆ.

“ಏನಣ್ಣಾ, ಮೈಕ್ ಕಂಡ್ರೆ ಕಾಲಲ್ಲಿ ಒದೀತಿದ್ರಿ, ಈಗ ಕುತ್ಗೆಗೇ ಕಟ್ಟು ಅಂತೀರಲ್ಲ?” ಅಂದ.

“ವಿಜ್ಞಾನ ಕಣ್ಲಾ! ಹಿಂದ್ಗಡೆ ಕೂತ ಮುದುಕ್ರಿಗೂ ಕೇಳ್ಬೇಕು,” ಅಂದೆ.

“ಹಿಂದ್ಗಡೆ ಕೂರೋರೆಲ್ಲ ಹುಡುಗ್ರೇ ಕಣಣ್ಣಾ, ಮುದುಕ್ರೆಲ್ಲ ಮುಂದ್ಗಡೆ ಚಾಪೆ ಹಾಕಂಡಿರ್ತಾರೆ,” ಅಂದ. ಅಧಿಕಪ್ರಸಂಗಿ!

ಕ್ಯಾಸೆಟ್ಟಿನ ವಿಷಯ: ಅವನ ಟೇಪ್ ರೆಕಾರ್ಡರಿನ ಬೆಲ್ಟು ಹರಿದಿದೆ. ಬೆಂಗಳೂರಿನಿಂದ ಬರಬೇಕು. ಅವಸರ ಬೇಡ.

ಕರಿದದ್ದು ಬಿಟ್ಟಿದ್ದೇನೆ. ದಿನಕ್ಕೆರಡು ಲೋಟ ಮೆಣಸಿನ ಕಷಾಯ. ನಟನಾದವನಿಗೆ ಶಿಸ್ತು ಬೇಕು!

ಮರುಳಪ್ಪ


ಇಂಗ್ಲೆಂಡ್
24 ಜೂನ್ 1979

ಮಾವನವರಿಗೆ ನಮಸ್ಕಾರಗಳು.

ಹಿಡಿದುಬಿಟ್ಟಿರಿ. ಹೇಳಿಬಿಡುತ್ತೇನೆ.

ಡಾಸನ್ ಔಟಾಗಿ ನಡೆದು ಬರುವಾಗ ಎಲ್ಲರೂ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು, ಮಡಿಲಿನ ಮೇಲೆ ಮಲಗಿದ ಮಗು ಏಳದ ಹಾಗೆ. ನನಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, ಬಿಳಿಗೆರೆ ಆಟದ ಬಯಲಿನಲ್ಲಿ ಕೂಗುವ ಹಾಗೆ ಕೂಗಿದೆ: ‘ಒನ್ಸ್ ಮೋರ್! ಒನ್ಸ್ ಮೋರ್!’

ಚಪ್ಪಾಳೆ ನಿಂತುಹೋಯಿತು. ಲೆಕ್ಕ ಬರೆಯುವ ಮುದುಕ ಕನ್ನಡಕ ತೆಗೆದು ನೋಡಿದ. ಒಬ್ಬ ಹೆಂಗಸು ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ಇಟ್ಟ ಸದ್ದು ಕೇಳಿತು. ಡಾಸನ್ ನನ್ನ ಕಡೆ ನೋಡದೆ ಒಳಗೆ ಹೋದರು. ಕೂಗಿದ್ದು ಅವರದೇ ಭಾಷೆ. ಆದರೂ ಅಲ್ಲಿ ಒಬ್ಬರಿಗೂ ಅದರ ಅರ್ಥವಾಗಲಿಲ್ಲ. ಔಟಾದವನು ಮತ್ತೆ ಬಂದು ಆಡಲಿ ಎಂದು ಯಾರಾದರೂ ಕೇಳಬಹುದೆಂಬುದೇ ಅವರಿಗೆ ಗೊತ್ತಿಲ್ಲ.

ಮನೆಗೆ ನಡೆದು ಬರುವಾಗ ಅವರು ಕೇಳಿದರು, “ನನ್ನನ್ನು ಹಾಸ್ಯ ಮಾಡಿದಿರಾ?” ಇಲ್ಲವೆಂದೆ. ನೀವು ತುರುವೇಕೆರೆಯಲ್ಲಿ ಮೂರು ಸಲ ಸತ್ತದ್ದನ್ನು ಹೇಳಿದೆ. ಅವರು ರಸ್ತೆ ಪಕ್ಕದ ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಅಂದರು: “ನಿಮ್ಮ ಮಾವ ಪುಣ್ಯವಂತರು. ಇಲ್ಲಿ ಒಂದೇ ಸಲ ಸಾಯುವುದು. ಅದಕ್ಕೇ, ಸತ್ತದ್ದು ಯಾವಾಗ ಅಂತ ನಾವೇ ಹೇಳಿಬಿಟ್ಟರೆ ಒಳ್ಳೆಯದು.”

ಸೋಮವಾರ ತರಗತಿಯಲ್ಲಿ ಡಾಸನ್ ನಡೆದದ್ದನ್ನು ಹೇಳಿದೆ. ನಾನು ಕೂಗಿದ್ದನ್ನು ಹೇಳಲಿಲ್ಲ. ಅಧ್ಯಾಪಕರು ಪಾಠವನ್ನು ಮೆಚ್ಚಿದರು.

ಅಮ್ಮನ ಕಾಗದ ಬಂದಿದೆ, ಪಕ್ಕದ ಮನೆ ಮೀನಾಕ್ಷಮ್ಮನ ಕೈಯಲ್ಲಿ ಬರೆಸಿದ್ದು. “ನಿನ್ನ ಮಾವ ಮನೆಗೆ ಬಂದಿದ್ದ, ಉಂಡ, ಒಂದು ಮಾತೂ ಆಡದೆ ಹೊರಟು ಹೋದ, ಏನಾಯ್ತೋ ಕಾಣೆ” ಎಂದಿದೆ. ಮಾವ, ಅಮ್ಮನ ಮೇಲೆ ಯಾಕೆ ಸಿಟ್ಟು? ಪರದೇಶಕ್ಕೆ ಹೋಗುತ್ತೇನೆಂದು ಹಟ ಹಿಡಿದವನು ನಾನು. ಯುವರಾಜನ ಪಾರ್ಟು ಬಿಟ್ಟವನು ನಾನು. ಬೈಯುವುದಿದ್ದರೆ ನನಗೆ ಬೈಯಿರಿ.

ಟೇಪಿನ ಬೆಲ್ಟು ಬಂತೇ?

ತೋಂಟದಾರ್ಯ


ಬಿಳಿಗೆರೆ
14 ಜುಲೈ 1979

ಅಳಿಯನೇ!

ಸಿಟ್ಟಂತೆ ಸಿಟ್ಟು! ಚಂಡವರ್ಮನು ಸಿಟ್ಟಾದರೆ ಏಳು ಕೋಟೆಯ ಹೆಬ್ಬಾಗಿಲುಗಳು ನಡುಗುತ್ತವೆ, ಅಕ್ಕನ ಮನೆಯಲ್ಲಿ ತೆಪ್ಪಗೆ ಮುದ್ದೆ ಉಂಡು ಎದ್ದು ಬರುತ್ತಾನೆಯೇ? ನಾನು ಹಾಲ್ಕುರಿಕೆ ಮಠಕ್ಕೆ ಹರಕೆ ಹೊತ್ತಿದ್ದೇನೆ. ಆಟ ಚೆನ್ನಾಗಿ ಆಗಲೆಂದು ಹಗಲೆಲ್ಲ ಮೌನ. ಸಂಜೆ ತಾಲೀಮಿಗೆ ಮಾತ್ರ ಬಾಯಿ ಬಿಡುವುದು. ಅಕ್ಕನಿಗೆ ಹೇಳೋಣವೆಂದರೆ ಮೌನವಲ್ಲವೇ, ಹೇಗೆ ಹೇಳಲಿ? ಹ್ಹ ಹ್ಹಾ!

ಮೌನದಲ್ಲಿ ಬಹಳ ಅನುಕೂಲವಿದೆ. ತೆಂಗಿನ ತೋಟದಲ್ಲಿ ಕಾಯಿ ಕೀಳುವವರಿಗೆ ಚಪ್ಪಾಳೆಯಲ್ಲೇ ಎಲ್ಲ ತಿಳಿಸುತ್ತೇನೆ. ಒಂದು ತಟ್ಟಿದರೆ ಮುಂದಿನ ಮರ, ಎರಡು ತಟ್ಟಿದರೆ ಇಳಿ, ಮೂರು ತಟ್ಟಿದರೆ ಊಟ. ಕಾಯಿ ಕೀಳುವ ದುರ್ಗಯ್ಯ ಮೂರಕ್ಕೆ ಮಾತ್ರ ಚುರುಕಾಗಿ ಇಳಿಯುತ್ತಾನೆ. “ಯಜಮಾನ್ರು ಸುಮ್ಕಾದ್ಮೇಲೆ ತೋಟದಲ್ಲಿ ಕಾಗೆ ಸದ್ದು ಕೇಳುಸ್ತೈತೆ” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಕೇಳಿಸಲಿ!

ನಿನ್ನ ಬ್ರೆಡ್ಡಿನವನಿಗೆ ಹೇಳು: ಸತ್ತದ್ದು ಯಾವಾಗ ಎಂದು ತಾನೇ ಹೇಳುವವನು ಬಹಳ ದೊಡ್ಡ ಮನುಷ್ಯನಿರಬಹುದು, ಆದರೆ ಅವನಿಗೆ ಪ್ರೇಕ್ಷಕರ ಪರಿಚಯವಿಲ್ಲ. ನನಗೆ ಈ ಸಲ ಒಂದು ಆಟ ಬೇಕು. ಬರೀ ಒಂದು. ಜನ ಕೂಗಬೇಕು, ನಾನು ಏಳಬೇಕು.

ಬೆಲ್ಟು ಬಂದಿಲ್ಲ. ಮತ್ತೆ ಮತ್ತೆ ಕೇಳಬೇಡ.

ಮರುಳಪ್ಪ


ಇಂಗ್ಲೆಂಡ್
10 ಆಗಸ್ಟ್ 1979

ಮಾವನವರಿಗೆ,

ಕ್ಯಾಸೆಟ್ಟನ್ನು ಇನ್ನು ಕೇಳುವುದಿಲ್ಲ. ನಿಮಗೆ ಇಷ್ಟವಿಲ್ಲವೆಂದು ಅರ್ಥವಾಯಿತು. ಹರಕೆಯ ವಿಷಯ ಅಮ್ಮನಿಗೆ ಬರೆದಿದ್ದೇನೆ. ಕಲೆಯ ಪಾಲಿಗೆ ಬೇರೆ ಏನಾದರೂ ನೋಡಿಕೊಳ್ಳುತ್ತೇನೆ.

ಕಾಲೇಜಿನ ರಜೆಯಲ್ಲಿ ಡಾಸನ್ನರ ತಂಡಕ್ಕೆ ಕಬಡ್ಡಿ ಕಲಿಸಿದೆ. ಬೇಕರಿಯ ಹಿಂದಿನ ಹುಲ್ಲಿನಲ್ಲಿ ಗೆರೆ ಎಳೆದೆವು. ಇಲ್ಲಿನ ಜನಕ್ಕೆ ಒಬ್ಬರನ್ನೊಬ್ಬರು ಮುಟ್ಟಲು ಸಂಕೋಚ, ಅಂಪೈರಾಗಿದ್ದ ಭಾವಮೈದುನ ಹಿಡಿಯುವ ಮೊದಲು ‘ಕ್ಷಮಿಸಿ’ ಎನ್ನುತ್ತಾನೆ. ಅಷ್ಟು ಹೊತ್ತಿಗೆ ಹಿಡಿಯಬೇಕಾದವನು ಗೆರೆ ದಾಟಿರುತ್ತಾನೆ.

ಡಾಸನ್ ಒಂದು ಪ್ರಶ್ನೆ ಕೇಳಿದರು. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಹೋಗಿ ಬರಬೇಕು, ಉಸಿರು ಕಡಿದರೆ ಔಟು, ಸರಿ. ಆದರೆ ಏಳು ಜನ ಮೈಮೇಲೆ ಬಿದ್ದು, ಎಲ್ಲರೂ ಕೂಗುತ್ತಿರುವಾಗ ಅಡಿಯಲ್ಲಿರುವವನ ಉಸಿರು ಕಡಿಯಿತೆಂದು ಯಾರಿಗೆ ಗೊತ್ತಾಗುತ್ತದೆ?

ಯೋಚಿಸಿ ಹೇಳಿದೆ, “ಅವನಿಗೆ ಗೊತ್ತಾಗುತ್ತದೆ.”

“ಹಾಗಾದರೆ ನಿಮ್ಮಲ್ಲೂ ‘ನಡೆಯುವುದು’ ಇದೆ,” ಅಂದರು.

ತುರುವೇಕೆರೆ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸೀಟಿ ಊದಿದ್ದೇನೆ, ಉಸಿರು ಕಡಿಯಿತು ಸಾರ್ ಎಂದು ತಾನಾಗಿ ಎದ್ದು ಬಂದ ಒಬ್ಬ ಹುಡುಗನೂ ನೆನಪಿಗೆ ಬರಲಿಲ್ಲ. ನಿಮಗೆ ಯಾರಾದರೂ ಗೊತ್ತಿದ್ದರೆ ಬರೆಯಿರಿ.

ಆಟಕ್ಕೆ ಶುಭವಾಗಲಿ.

ತೋಂಟದಾರ್ಯ


ಬಿಳಿಗೆರೆ
16 ಸೆಪ್ಟೆಂಬರ್ 1979

ತೋಂಟದಾರ್ಯನಿಗೆ ಆಶೀರ್ವಾದ.

ನಿನ್ನ ಕಾಗದ ಆಟದ ಎರಡು ದಿನ ಮೊದಲು ಬಂತು. ಆಗ ಓದಬಾರದಿತ್ತು.

ಹರಕೆ ಇರಲಿಲ್ಲ. ಬೆಲ್ಟೂ ಹರಿದಿರಲಿಲ್ಲ. ನೀನು ರೈಲು ಹತ್ತಿದ ವಾರವೇ ಹಾಸನದ ಡಾಕ್ಟರೊಬ್ಬರು ಗಂಟಲಿಗೆ ಕನ್ನಡಿ ಇಟ್ಟು ನೋಡಿ, ಒಳಗೆ ಗಂಟಿದೆ, ಬೆಂಗಳೂರಿನಲ್ಲಿ ಕೊಯ್ಯಿಸಬೇಕು ಎಂದರು. ಆಮೇಲೆ ದನಿ ಉಳಿಯಲೂಬಹುದು, ಉಳಿಯದೆಯೂ ಇರಬಹುದು, ಅಲ್ಲಿಯವರೆಗೆ ಮಾತು ಕಮ್ಮಿ ಮಾಡಿ ಎಂದರು. ಆಟ ಮುಗಿಸಿ ಹೋಗುತ್ತೇನೆ ಎಂದೆ. ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಕಳಚಿಕೊಂಡು ಆಡುತ್ತದಲ್ಲ, ನನ್ನ ಗಂಟಲಿನ ಸದ್ದು ಹಾಗಿತ್ತು. ಹಗಲೆಲ್ಲ ಮಾತು ಉಳಿಸಿ ಸಂಜೆ ತಾಲೀಮಿನಲ್ಲಿ ಖರ್ಚು ಮಾಡುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ. ನಿನಗೆ ಬರೆಯುವ ಕಾಗದದಲ್ಲಿ ಮಾತ್ರ ಹೊಟ್ಟೆ ತುಂಬ ಕೂಗಿದೆ. ಕಾಗದಕ್ಕೆ ಗಂಟಲು ಬೇಡ ನೋಡು.

ಆಟದ ದಿನ ಬಯಲು ತುಂಬಿತ್ತು. ಬಿಳಿಗೆರೆಯವರಲ್ಲದೆ ಹಾಲ್ಕುರಿಕೆ ಕಡೆಯಿಂದ ಎರಡು ಲಾರಿ ಜನ. ನಿನ್ನ ಅಮ್ಮ ಮುಂದೆ ಚಾಪೆ ಹಾಕಿಕೊಂಡಿದ್ದಳು. ಯುವರಾಜನ ಪಾರ್ಟಿಗೆ ನಮ್ಮ ಶ್ರೀರಂಗಯ್ಯನ ಮಗ. ನಾನು ದರ್ಬಾರಿಗೆ ಕಾಲಿಟ್ಟೆ. “ಎಲವೋ ಸಾಮಂತಾ! ಈ ಸಿಂಹಾಸನದ ಗಂಟೆ ಒಮ್ಮೆ ಮೊಳಗಿದರೆ ಏಳು ಕೋಟೆಯ ಬಾಗಿಲು ತಾವಾಗಿ ತೆರೆಯಬೇಕು!” ಮೈಕಿನ ಹಾರನ್ನಿನಿಂದ ಎಂಥ ದನಿ ಬಂತು ಗೊತ್ತೇ! ತೆಂಗಿನ ಗರಿಯೆಲ್ಲ ನಡುಗಿದ ಹಾಗಾಯಿತು. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಡಾಕ್ಟರು ಸುಳ್ಳು ಹೇಳಿದರು ಎಂದುಕೊಂಡೆ.

ಮೊದಲರ್ಧ ಮುಗಿದು ಪರದೆ ಬಿತ್ತು. ನೀರು ಕುಡಿಯಲು ಸೈಡ್ ವಿಂಗಿಗೆ ಬಂದೆ. ಮಜೀದ ಆಂಪ್ಲಿಫೈಯರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಆಟ ನಿಂತರೂ ಅವನ ಕೈ ದನಿ ಏರಿಸುವ ಗುಂಡಿಯ ಮೇಲಿಂದ ಎದ್ದಿರಲಿಲ್ಲ. ಸನ್ನೆಯಲ್ಲಿ ಏನೆಂದು ಕೇಳಿದೆ.

“ಕೊನೇಗೆ ಬಂದ್ಬುಡ್ತು ಕಣಣ್ಣಾ. ಇನ್ಮೇಲೆ ತಿರುಗಲ್ಲ,” ಅಂದ.

ಗುಂಡಿಗೆ ಸುಣ್ಣದಲ್ಲಿ ಗೆರೆ ಹಾಕಿದ್ದ. ಜೂನ್ ತಾಲೀಮಿನದು ಎಲ್ಲೋ ಕೆಳಗೆ, ಜುಲೈನದು ಅದರ ಮೇಲೆ, ಹೀಗೆ. ನಾನು ಇಳಿದಷ್ಟೂ ಅವನು ಏರಿಸಿದ್ದ. ಬೇರೆಯವರು ಮಾತಾಡುವಾಗ ಇಳಿಸಿ, ನನ್ನ ಸರದಿ ಬಂದಾಗ ಏರಿಸಿ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ನನಗೂ.

“ನಿಂಗೊತ್ತಿತ್ತೇನ್ಲಾ?” ಅಂದೆ. ಅಷ್ಟು ಮಾತಿಗೇ ಗಾಳಿ ಬಂತು, ಸದ್ದು ಬರಲಿಲ್ಲ.

“ಗೊತ್ತಾಗ್ದೆ ಏನು? ರಾಜ ಗುಡುಗ್ತಾನೆ ಅಂತ ಇಷ್ಟ್ ವರ್ಷ ಗುಂಡಿ ಇಳಿಸ್ಕಂಡು ಬಂದೋನು ನಾನು. ಯೋಚ್ನೆ ಮಾಡ್ಬ್ಯಾಡಿ, ಮೈಕ್ನ ಇನ್ನೂ ಹತ್ರ ಕಟ್ತೀನಿ. ಜನಕ್ಕೆ ಏನೂ ಗೊತ್ತಾಗಾಕಿಲ್ಲ.”

ನಿಜ. ಜನಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಆಚೆ ಶಿಳ್ಳೆ ಇನ್ನೂ ನಿಂತಿರಲಿಲ್ಲ. ಬೆರಳೆತ್ತುವವರು ಯಾರೂ ಇರಲಿಲ್ಲ. ಆದರೆ ಜೇಬಿನಲ್ಲಿ ನಿನ್ನ ಕಾಗದವಿತ್ತು. ಉಸಿರು ಕಡಿಯಿತು ಎಂದು ತಾನಾಗಿ ಎದ್ದು ಬಂದವನು ಯಾರಾದರೂ ಇದ್ದರೆ ಬರೆಯಿರಿ ಎಂದಿದ್ದೆಯಲ್ಲ.

ಕಿರೀಟ ಬಿಚ್ಚಿದೆ. ಮಜೀದನ ತಲೆಗಿಟ್ಟೆ. ಅವನಿಗೆ ಕಿವಿಯವರೆಗೆ ಇಳಿಯಿತು.

“ಏನಣ್ಣಾ ಇದು, ಹುಡುಗಾಟ? ನಾನು ಮೈಕ್ನೋನು!”

ಚಂಡವರ್ಮನ ಪಾರ್ಟು ಅವನಿಗೆ ಪೂರ್ತಿ ಬಾಯಿಪಾಠ. ಹದಿನೈದು ವರ್ಷ ನನ್ನ ಪಕ್ಕದಲ್ಲಿ ಕೂತು ಕೇಳಿದವನು, ಪ್ರಾಂಪ್ಟರು ತೂಕಡಿಸಿದರೆ ನನಗೆ ಮಾತು ಎತ್ತಿಕೊಟ್ಟವನೂ ಅವನೇ. ರಾಜನ ಅಂಗಿ ಬಿಚ್ಚಿ ಅವನಿಗೆ ತೊಡಿಸಿದೆ. ಕಿರೀಟದೊಳಗೆ ಟವೆಲು ತುರುಕಿದೆ. ಆಮೇಲೆ ಬರೀ ಬನಿಯನ್ನು ಪಂಚೆಯಲ್ಲಿ, ಬಣ್ಣ ಬಳಿದ ಮುಖದಲ್ಲೇ, ಪರದೆ ಸರಿಸಿ ಆಚೆ ಹೋಗಿ ಜನಕ್ಕೆ ಕೈ ಮುಗಿದೆ. ಮೆಟ್ಟಿಲಿಳಿದು, ಬಯಲಿನ ನಡುವೆ ಹಾದು, ಹಿಂದುಗಡೆಗೆ ನಡೆದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೂಗು ಎದ್ದಿತು, “ಒನ್ಸ್ ಮೋರ್! ಮರುಳಪ್ಪಣ್ಣಾ, ಒನ್ಸ್ ಮೋರ್!” ನಾನು ತಿರುಗಲಿಲ್ಲ. ನಿನ್ನ ಅಮ್ಮ ಮಾತ್ರ ಚಾಪೆಯಿಂದ ಎದ್ದು ಬಂದು, ಏನನ್ನೂ ಕೇಳದೆ, ಸೆರಗಿನಿಂದ ನನ್ನ ಮುಖದ ಬಣ್ಣ ಒರೆಸಿದಳು. ಅವಳಿಗೂ ಯಾವತ್ತಿನಿಂದ ಗೊತ್ತಿತ್ತೋ ಕೇಳಲಿಲ್ಲ.

ಮಜೀದ ಮೊದಲೆರಡು ಮಾತು ತೊದಲಿದ. ಆಮೇಲೆ ಹಿಡಿದ. ನಾನು ಹಿಂದಿನಿಂದ ಸುತ್ತಿ ಬಂದು ಅವನ ಜಾಗದಲ್ಲಿ, ಗುಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಹಾರನ್ನು ಕಿರುಚಿತು. ಗುಂಡಿಯನ್ನು ಜೂನಿನ ಗೆರೆಗೆ ಇಳಿಸಿದೆ, ಅದೂ ಹೆಚ್ಚಾಯಿತು. ಅದಕ್ಕೂ ಕೆಳಗೆ ಇಳಿಸಿದೆ.

ಬೆಳಕು ಹರಿಯುವ ಹೊತ್ತಿಗೆ ರಾಜ ಸತ್ತ. ಜನ ಕೂಗಿದರು, ‘ಒನ್ಸ್ ಮೋರ್!’ ಮಜೀದ ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದ. ಏಳಲೋ ಬೇಡವೋ? ನಾನು ಒಂದು ಚಪ್ಪಾಳೆ ತಟ್ಟಿದೆ. ಎದ್ದ. ನಿನ್ನ ಬ್ರೆಡ್ಡಿನವನ ಪದ್ಧತಿ ನನ್ನೊಬ್ಬನಿಗೆ ಸಾಕು, ಊರಿಗೆಲ್ಲ ಬೇಡ.

ನಾಳೆ ಬೆಂಗಳೂರಿಗೆ ಹೋಗುತ್ತೇನೆ. ನಿನ್ನ ಅಮ್ಮ ಜೊತೆಗೆ ಬರುತ್ತಾಳೆ. ನೀನು ಕಲಿಯುವುದನ್ನು ಮುಗಿಸಿಕೊಂಡೇ ಬಾ, ಮೊದಲೇ ಬಂದರೆ ಬೈಯಲು ನನ್ನಲ್ಲಿ ದನಿಯಿಲ್ಲ.

ಇದರ ಜೊತೆ ಕ್ಯಾಸೆಟ್ ಇದೆ. ಮಜೀದ ಹೇಳದೆ ಕೇಳದೆ ಇಡೀ ಆಟವನ್ನು ಟೇಪಿಗೆ ಹಾಕಿಟ್ಟಿದ್ದ. ದರ್ಬಾರು, ಸಾಯುವ ಸೀನು, ಎರಡನ್ನು ಆರಿಸಿ ಇದರಲ್ಲಿ ತುಂಬಿದ್ದಾನೆ. ಎರಡನೆಯ ಬದಿಯಲ್ಲಿ ಅವನಿದ್ದಾನೆ, ನವೆಂಬರಿನಲ್ಲಿ ಅದನ್ನು ಹಾಕು. ಮೊದಲನೆಯ ಬದಿಯಲ್ಲಿ ನಾನು. ಅದನ್ನು ನೀನೊಬ್ಬನೇ ಕೇಳು. ಗುಂಡಿಯನ್ನು ಮಾತ್ರ ಏರಿಸಬೇಡ.

ಮರುಳಪ್ಪ